ಮಾವನ ಲ್ಯಾಪ್‌ಟಾಪಿನ ಕೆಂಪು ಕಣ್ಣು

ಅಂದು ಭಾನುವಾರ. ದೊಡ್ಡಬಳ್ಳಾಪುರದಲ್ಲಿ ನಮ್ಮ ಸೋದರಮಾವನ ನಡುಮನೆಯಲ್ಲಿ ಇದ್ದವರು ಮೂರೇ ಜನ: ಮಾವ, ನಮ್ಮಮ್ಮ, ನಾನು. ಚಾಪೆಯ ಮೇಲೆ ರೋಗಿಯಂತೆ ಒಂದು ಹಳೆಯ ಲ್ಯಾಪ್‌ಟಾಪು ಮಲಗಿತ್ತು. ಮಾವ ಅದರ ಮೇಲೆ ಬಾಗಿ, ಸ್ಕ್ರೂಡ್ರೈವರಿನ ಮೊನೆಯನ್ನು ಅದರ ಮೈಗೂ ಹಿಡಿಯನ್ನು ತಮ್ಮ ಕಿವಿಗೂ ಒತ್ತಿಕೊಂಡು ಕಣ್ಣು ಮುಚ್ಚಿದ್ದರು.

ನಮ್ಮ ಮಾವನಿಗೆ ಮನುಷ್ಯರ ಮಾತು ಕೇಳಿಸುವುದಿಲ್ಲ, ಯಂತ್ರಗಳ ಮಾತು ಮಾತ್ರ ಕೇಳಿಸುತ್ತದೆ ಎಂದರೆ ನಂಬುತ್ತೀರಾ? ನಂಬಲೇಬೇಕು! ನಲವತ್ತು ವರ್ಷ ಪವರ್‌ಲೂಮ್ ನಡೆಸಿದ ಕಿವಿ ಅದು. ಆರು ಮಗ್ಗಗಳು ಒಟ್ಟಿಗೆ ಬಡಿಯುತ್ತಿದ್ದರೂ ಊಟದ ತಟ್ಟೆಯ ಮುಂದೆ ಕೂತೇ, "ಮೂರನೇ ಮಗ್ಗದ ಬೋಲ್ಟು ಸಡಿಲ ಆಗೈತೆ" ಎನ್ನುವರು. ಹೋಗಿ ನೋಡಿದರೆ ಆಗಿರುತ್ತಿತ್ತು! ಆದರೆ ಪಕ್ಕದಲ್ಲೇ ನಿಂತು ಅತ್ತೆ "ಸಾರು ಹಾಕ್ಲಾ?" ಎಂದು ಮೂರು ಸಲ ಕೇಳಿದ್ದು ಕಿವಿಗೆ ಬಿದ್ದಿರುತ್ತಿರಲಿಲ್ಲ. ಒಂದು ಮದುವೆಯಲ್ಲಂತೂ ಪುರೋಹಿತರು ಮಂತ್ರ ಹೇಳುತ್ತಿರುವಾಗ ಎದ್ದು ಹೋಗಿ, ಕೆಮ್ಮುತ್ತಿದ್ದ ಜನರೇಟರಿಗೆ ಎಣ್ಣೆ ಬಿಟ್ಟು ಬಂದರಂತೆ. ಯಾರ ಮದುವೆ ಅಂತೀರಾ? ಅವರದ್ದೇ!

ಆ ಮದುವೆಯ ಹೆಣ್ಣು, ನಮ್ಮತ್ತೆ, ತೀರಿಕೊಂಡು ಎರಡು ವರ್ಷವಾಗಿತ್ತು. ಲ್ಯಾಪ್‌ಟಾಪು ಅತ್ತೆಯದು. ಮಧ್ಯಾಹ್ನ ಕೆಲಸ ಮುಗಿಸಿ ಅದರಲ್ಲಿ ಸೀರೆಯ ಅಂಚಿಗೆ ಹೂವು, ಮಾವಿನಕಾಯಿ, ನವಿಲು ಬರೆಯುತ್ತಿದ್ದರು. "ಇದು ನವಿಲೇನೇ? ನಾಟಿಕೋಳಿ ಇದ್ದಂಗೈತೆ" ಎಂದು ಮಾವ ರೇಗಿಸುತ್ತಿದ್ದರು. "ನೇಯ್ದ ಮೇಲೆ ನವಿಲಾಗುತ್ತೆ, ಸುಮ್ನಿರಿ" ಎಂದು ಅತ್ತೆ ಹೇಳುತ್ತಿದ್ದರು. ಆ ಕೋಳಿಗಳಲ್ಲಿ ಒಂದೂ ಮಗ್ಗ ಏರಲಿಲ್ಲ.

ಈಗ ಮಾವನಿಗೆ ಸೀರೆಯ ಡಿಸೈನ್ ಕೊಡುವ ಅಂಗಡಿಯವರು ಹೊಸ ಪ್ರೋಗ್ರಾಂ ಕೊಟ್ಟಿದ್ದರು. ಅದು ಹಳೆಯ ಆಪರೇಟಿಂಗ್ ಸಿಸ್ಟಮ್ಮಿನಲ್ಲಿ ಓಡದು. "ಹಳೇದು ಅಳಿಸಿ ಹೊಸದು ಹಾಕ್ತೀನಿ ಮಾವ. ಅತ್ತೆ ಚಿತ್ರಗಳನ್ನ ಪೆನ್‌ಡ್ರೈವಿಗೆ ತಗೊಂಡ್ರಾಯ್ತು" ಎಂದೆ.

ಮಾವ ಸ್ಕ್ರೂಡ್ರೈವರು ಕೆಳಗಿಟ್ಟರು. "ಅವಳು ಕೂತೆದ್ದ ಮನೆ ಕಣೋ ಅದು. ಸಾಮಾನು ಬೇರೆ ಕಡೆ ಸಾಗಿಸ್ಬಿಟ್ಟು ಮನೆ ಕೆಡವ್ತೀಯಾ? ಪಕ್ಕದಾಗೆ ಇನ್ನೊಂದು ರೂಮು ಕಟ್ಟು."

ಒಂದೇ ಯಂತ್ರದಲ್ಲಿ ಎರಡು ಸಿಸ್ಟಮ್ ಹಾಕುವುದನ್ನು ಇದಕ್ಕಿಂತ ಚೆನ್ನಾಗಿ ಯಾವ ಎಂಜಿನಿಯರ್ ವಿವರಿಸಿಯಾನು?

ಸರಿ, ರೂಮು ಕಟ್ಟಲು ಕೂತೆ. ಆ ಕಾಲದ ಲ್ಯಾಪ್‌ಟಾಪು, ಪೆನ್‌ಡ್ರೈವಿನಿಂದ ಶುರುವಾಗಲು ಸುತರಾಂ ಒಪ್ಪಲಿಲ್ಲ. ಸಿ.ಡಿ.ಯೇ ಗತಿ. ಸಿ.ಡಿ. ಹಾಕಿದರೆ ಗಿರ್ರೆಂದು ತಿರುಗಿ, ನರಳಿ, ಏನೂ ಇಲ್ಲ ಎನ್ನುತ್ತಿತ್ತು. ಬೇರೆ ಸಿ.ಡಿ. ಹಾಕಿದೆ. ಅದೂ ಅಷ್ಟೆ. ಸೆಟ್ಟಿಂಗ್ ಬದಲಿಸಿದೆ. ಡ್ರೈವನ್ನೇ ಬಿಚ್ಚಿ ಮತ್ತೆ ಕೂರಿಸಿದೆ. ಊಹೂಂ!

"ಏನೋ ಹುಡುಕ್ತೈತೆ, ಪಾಪ, ಸಿಗ್ತಿಲ್ಲ" ಎಂದರು ಮಾವ, ಕಿವಿ ಕೊಟ್ಟು. "ಮಗ್ಗದ ಎಣ್ಣೆ ಒಂದೇ ಒಂದು ತೊಟ್ಟು ಬಿಡ್ಲಾ?"

"ಅಯ್ಯೋ ಬೇಡಿ ಮಾವ!"

ಅಮ್ಮ ಕಾಫಿ ತಂದಿಟ್ಟು ನೋಡಿದಳು. "ಎಷ್ಟು ಸಲ ಅದರ ಬಾಯಿ ತೆಗಿತೀರೋ? ಹಲ್ಲು ಕೀಳೋ ಡಾಕ್ಟ್ರು ಇದ್ದಂಗೆ ಇದೀರಾ ಇಬ್ರೂ."

ಆ ಬಾಯೊಳಗೆ, ಸಿ.ಡಿ. ಕೂರುವ ತಟ್ಟೆಯಲ್ಲಿ, ಓದುವ ಗಾಜಿನ ಕಣ್ಣೊಂದಿರುತ್ತದೆ. ಮಾವ ಅದನ್ನೇ ದಿಟ್ಟಿಸಿ, "ಇದ್ಯಾಕಲಾ ಕೆಂಪಗೈತೆ?" ಎಂದರು.

"ಲೇಸರ್ ಮಾವ! ಲೇಸರ್ ಅಂದ್ರೆ ಕೆಂಪೇ!" ಅಷ್ಟು ಅಧಿಕಾರವಾಣಿಯಿಂದ ನಾನು ಜೀವನದಲ್ಲಿ ಇನ್ನೇನನ್ನೂ ಹೇಳಿಲ್ಲ.

ಮುಂದಿನ ಒಂದು ಗಂಟೆ ಮೂವರೂ ಆ ಲೇಸರನ್ನು ಗೌರವದಿಂದ ನೋಡುತ್ತಾ ಕಳೆದೆವು. ಆಮೇಲೆ ಸುಮ್ಮನೆ ಮೊಬೈಲಿನಲ್ಲಿ ಹುಡುಕಿದೆ. ಚಿತ್ರದಲ್ಲಿದ್ದ ಕಣ್ಣು ತಿಳಿಯಾಗಿ, ನೀಲಿಯಾಗಿ ಹೊಳೆಯುತ್ತಿತ್ತು! ಯಾರಿಗೂ ಹೇಳದೆ ಕಡ್ಡಿಗೆ ಹತ್ತಿ ಸುತ್ತಿ, ಸ್ಪಿರಿಟ್ಟಿನಲ್ಲಿ ಅದ್ದಿ ಒರೆಸಿದೆ. ಹತ್ತಿ ಕೆಂಪಾಯಿತು. ಅದನ್ನು ಕಡ್ಡಿಯಿಂದ ಕಿತ್ತು ಕಸದ ಬುಟ್ಟಿಗೆ ಎಸೆದು ಸಿ.ಡಿ. ಹಾಕಿದೆ. ಪರದೆಯ ಮೇಲೆ ಅಕ್ಷರಗಳು ಮೂಡಿದವು.

"ಓದ್ತು ಮಾವ! ಯಾರೋ ಗಂಧ-ಕುಂಕುಮ ಮೆತ್ತಿಬಿಟ್ಟಿದ್ರು ಇದಕ್ಕೆ!"

ಅಮ್ಮ ಲೋಟ ಹಿಡಿದುಕೊಂಡೇ ಕೂತುಬಿಟ್ಟಳು.

"ಅತ್ತಿಗೆ ಕಣೋ, ಈಗ ನೆನಪಾಯ್ತು. ಅವರ ಕೊನೇ ಆಯುಧಪೂಜೇಲಿ. ಮಗ್ಗಕ್ಕೆಲ್ಲ ಬೊಟ್ಟಿಟ್ಟು ಬಂದು, 'ಇದೂ ದುಡಿಯುತ್ತಲ್ಲ ಕಣಮ್ಮಾ, ಇದರ ಹಣೆ ಯಾವುದು?' ಅಂತ ನನ್ನ ಕೇಳಿದ್ರು. ಬಾಯಿ ತೆಗೆದು ನೋಡಿದ್ವಿ. ಕಣ್ಣು ಕಾಣ್ತು. ಹಣೆ ಅದರ ಹತ್ರಾನೇ ಇರುತ್ತೆ ಇಡಿ ಅಂದೆ."

"ಆ ಹತ್ತಿ ಎಲ್ಲೈತೆ?" ಎಂದರು ಮಾವ.

ನಾನು ಬುಟ್ಟಿ ತೋರಿಸಿದೆ. ಆ ವಾರ ನೇಯುತ್ತಿದ್ದದ್ದು ಕೆಂಪು ಸೀರೆ. ಬುಟ್ಟಿಯ ತುಂಬಾ ಕೆಂಪು ದಾರದ ತುಂಡುಗಳು. ಮಾವ ಕೂತು ಒಂದೊಂದನ್ನೇ ಎತ್ತಿ ಮೂಸಿದರು. ಯಾವುದರಲ್ಲೂ ಗಂಧದ ವಾಸನೆ ಸಿಗಲಿಲ್ಲವೇನೋ. ನಾನು ಕೈಹಾಕಲು ಹೋದರೆ ತಡೆದರು.

"ಹೋಗ್ಲಿ ಬಿಡು. ನಿಂಗೇನ್ ಗೊತ್ತಿತ್ತು."

ಬುಟ್ಟಿಯನ್ನು ಪಕ್ಕಕ್ಕೆ ಸರಿಸಿ ಅಂದರು: "ಆರು ಮಗ್ಗದ ಸದ್ದು ಕೇಳ್ತಿತ್ತು ಕಣೋ. ಪಕ್ಕದಾಗೆ ಮಲಗ್ದೋಳು ಏದುಸಿರು ಬಿಡ್ತಿದ್ದದ್ದು ಕೇಳಿಸ್ಲಿಲ್ಲ."

ಸಂಜೆಯ ಹೊತ್ತಿಗೆ ಪಕ್ಕದ ರೂಮು ಎದ್ದು ನಿಂತಿತು. ಅತ್ತೆಯ ಮನೆ ಹಾಗೇ ಉಳಿಯಿತು, ಕೋಳಿಗಳ ಸಮೇತ. ಅವರ ಬೊಟ್ಟೊಂದನ್ನು ಮಾತ್ರ ನಾನೇ ಒರೆಸಿಹಾಕಿದ್ದೆ.

ಮೊನ್ನೆ ಆಯುಧಪೂಜೆಯ ದಿನ ಮಾವನ ಫೋನು ಬಂತು. ಹಿಂದೆ ಮಗ್ಗಗಳ ಸದ್ದಿರಲಿಲ್ಲ. ಅವಕ್ಕೆ ಅಂದು ರಜೆ.

"ಮತ್ತೆ ಓದ್ತಿಲ್ಲ ಕಣೋ ಅದು."

"ಯಾಕೆ ಮಾವ, ಏನಾಯ್ತು?"

"ಬೊಟ್ಟಿಟ್ಟೆ. ಅವಳಿಟ್ಟಿದ್ದ ಜಾಗಕ್ಕೇ."

"ಬಂದು ಒರೆಸ್ಲಾ?"

"ಬ್ಯಾಡ. ಸುಮ್ನೆ ಹೇಳ್ದೆ. ನಿಂದು ಊಟ ಆಯ್ತಾ?"

ಆಯಿತು ಎಂದೆ. ಏನು ಅಡುಗೆ ಎಂದು ಕೇಳಿದರು. ಹೇಳಿದೆ. ಕೊನೆಯವರೆಗೂ ಕೇಳಿಸಿಕೊಂಡು, ಆಮೇಲೆ ಫೋನಿಟ್ಟರು.