ಗಂಟೆಯವನು, ದಿನದವನು, ವಾರದವರು ಮತ್ತು ಒಬ್ಬ ನಿದ್ದೆಯವನು

ಸೇವೆ ಮಾಡುತ್ತೇವೆ ಎಂದು ಹುಡುಗರು ತೋಳೇರಿಸಿದಾಗಲೆಲ್ಲ ನನ್ನ ಎದೆ ಧಸಕ್ಕೆನ್ನುತ್ತದೆ, ಈ ಸಲ ಏನು ಫಜೀತಿ ಕಾದಿದೆಯೋ ಎಂದು. ಗಂಗಾವತಿಯ ಕಾಲೇಜೊಂದರಲ್ಲಿ ನಾನು ಇತಿಹಾಸ ಪಾಠ ಮಾಡುವವಳು. ವಿದ್ಯಾರ್ಥಿಗಳ ಸೇವಾ ಘಟಕವೂ ನನ್ನ ಕೊರಳಿಗೇ ಬಿದ್ದಿದೆ. ಸ್ಟಾಫ್ ಮೀಟಿಂಗಿನಲ್ಲಿ ಪ್ರಿನ್ಸಿಪಾಲರು "ಇದನ್ನ ಯಾರು ವಹಿಸ್ಕೋತೀರಿ?" ಎಂದು ಕೇಳಿದಾಗ ಎಲ್ಲರೂ ನೆಲ ನೋಡಿದರು. ನಾನೊಬ್ಬಳು ಗಡಿಯಾರ ನೋಡಲು ತಲೆ ಎತ್ತಿದೆ, ಅಷ್ಟೇ.

ಆ ವರ್ಷ ಮಾತ್ರ ನನಗೆ ಸೇವಕರ ಅಗತ್ಯ ನಿಜವಾಗಿಯೂ ಇತ್ತು. ಫೈನಲ್ ಇಯರಿನಲ್ಲಿ ಕಿನ್ನಾಳದ ಹುಡುಗಿಯೊಬ್ಬಳಿದ್ದಳು. ಕಣ್ಣು ಕಾಣದು, ಬುದ್ಧಿ ಮಹಾ ಚುರುಕು. ಪರೀಕ್ಷೆಯಲ್ಲಿ ಅವಳು ಬಾಯಿಂದ ಉತ್ತರ ಹೇಳಬೇಕು, ಪಕ್ಕದಲ್ಲಿ ಕುಳಿತವರು ಬರೆಯಬೇಕು. ಬರೆಯುವವರು ಅವಳಿಗಿಂತ ಕೆಳಗಿನ ತರಗತಿಯವರೇ ಆಗಿರಬೇಕೆಂಬ ನಿಯಮ ಬೇರೆ. ಹಿಂದಿನ ಸಲ ಬರೆದುಕೊಟ್ಟವಳು ಕೆಲಸ ಸಿಕ್ಕಿ ಕೊಪ್ಪಳ ಸೇರಿದ್ದಳು.

"ಈ ಸಲ ಪರೀಕ್ಷಿ ತಪ್ಪಿದ್ರ ಮನ್ಯಾಗ ಮತ್ತ ಕಾಲೇಜಿಗೆ ಕಳಸಂಗಿಲ್ರಿ ಮೇಡಂ," ಎಂದಳು ಹುಡುಗಿ. ಅಳಲಿಲ್ಲ, ಸುಮ್ಮನೆ ಹೇಳಿದಳು. ಅಂದಿನಿಂದ ಯಾವ ಕಾರ್ಯಕ್ರಮಕ್ಕೆ ಹೋದರೂ ನಾನು ಮಕ್ಕಳ ಕೈಗಳನ್ನೇ ನೋಡತೊಡಗಿದೆ.

ಗಂಟೆಯವನು

ರಕ್ತದಾನದ ದಿನ ಎಲ್ಲರಿಗಿಂತ ಮೊದಲು ಓಡಿಬಂದು ಮಲಗಿದವನು ಯಲಬುರ್ಗಾ ಕಡೆಯ ಫಸ್ಟ್ ಇಯರ್ ಹುಡುಗ. ಆಳು ಗಟ್ಟಿ, ಬಾಯಿ ಇನ್ನೂ ಗಟ್ಟಿ. "ಇನ್ನೊಂದು ಚೀಲ ಬೇಕಂದ್ರೂ ತಗೋರ್ರಿ" ಎಂದು ನರ್ಸಮ್ಮನಿಗೇ ಧೈರ್ಯ ಹೇಳಿದ. ಸಿಕ್ಕನಲ್ಲ ನಮ್ಮ ಹುಡುಗ ಎಂದು ಹತ್ತಿರ ಹೋಗಿ ಪರೀಕ್ಷೆಯ ವಿಷಯ ಹೇಳಿದೆ.

"ಮೇಡಂ, ಇದು ಒಂದು ತಾಸಿನ ಕೆಲಸ ಅಂತ ಬಂದೀನ್ರಿ. ಮಲಗಿದ್ರ ಸಾಕು, ಬಿಸ್ಕೀಟೂ ಕೊಡ್ತಾರ. ಮೂರು ತಾಸು ಕುಂತು ಬರಿಯೋದು ನನ್ನ ಪರೀಕ್ಷ್ಯಾಗೂ ಮಾಡಿಲ್ರಿ."

ಹೋಗಲಿ ಎಂದು ಬಿಟ್ಟೆ. ವಾರ ಕಳೆದ ಮೇಲೆ ಅವನ ಅಜ್ಜಿ ಸ್ಟಾಫ್ ರೂಮಿಗೆ ಬಂದು ನಿಂತರು. ಮೊಮ್ಮಗನ ರಕ್ತ ತೆಗೆದದ್ದಕ್ಕೆ ಜಗಳಕ್ಕೇ ಬಂದಿದ್ದಾರೆಂದು ನಾನು ಕುರ್ಚಿ ಕೊಟ್ಟು, ನೀರು ಕೊಟ್ಟು, ಚಹಾ ಹೇಳಿದೆ.

"ನಮ್ಮ ಹುಡುಗನ ರಕ್ತ ಯಾರಿಗೆ ಹಾಕ್ಯಾರವ್ವಾ?"

"ಗೊತ್ತಾಗಂಗಿಲ್ಲ ಅಜ್ಜಿ. ಅಗತ್ಯ ಇದ್ದವ್ರಿಗೆ ಹಾಕ್ತಾರ."

"ಗೊತ್ತಾಗಂಗಿಲ್ಲಂದ್ರ ಹೆಂಗ? ಆರಾಮ ಅದಾರಿಲ್ಲೋ? ಹೊಟ್ಟಿತುಂಬ ಉಣ್ತಾರಿಲ್ಲೋ?"

ಆರಾಮ ಇರ್ತಾರೆ ಎಂದೆ. ಅಜ್ಜಿ ಸೆರಗಿನೊಳಗಿಂದ ಅರಿಶಿನ ಹಚ್ಚಿದ ಲಗ್ನಪತ್ರಿಕೆಯೊಂದನ್ನು ತೆಗೆದು ಮೇಜಿನ ಮೇಲಿಟ್ಟರು.

"ನಮ್ಮ ಹುಡುಗನ ರಕ್ತ ಮೈಯಾಗ ಹರದ ಮ್ಯಾಲ ಅವ್ರೂ ನಮ್ಮವ್ರ ಆದ್ರು. ಮುಂದಿನ ವಾರ ಮೊಮ್ಮಗಳ ಲಗ್ನ ಐತಿ. ಕರೀಲಿಲ್ಲಂದ್ರ ನಾಳೆ ಅವ್ರು ಸಿಟ್ಟು ಮಾಡ್ಕೋಬಾರ್ದಲ್ಲ. ಕಾರ್ಡಿನ ಮ್ಯಾಲ ಯಾರ ಹೆಸರು ಬರೀಲಿ, ನೀನ ಹೇಳು."

ದಿನದವನು

ರಸ್ತೆ ಸುರಕ್ಷತೆಯ ಕಾರ್ಯಕ್ರಮಕ್ಕೆ ಒಂದು ದಿನದ ಮಟ್ಟಿಗೆ ನಮ್ಮ ಹುಡುಗರನ್ನು ಸರ್ಕಲ್ಲಿನಲ್ಲಿ ನಿಲ್ಲಿಸಿದ್ದೆವು. ಭತ್ತದ ಸುಗ್ಗಿಯ ಕಾಲ. ಗಂಗಾವತಿಯಲ್ಲಿ ಆಗ ಮನುಷ್ಯರಿಗಿಂತ ಟ್ರ್ಯಾಕ್ಟರುಗಳೇ ಹೆಚ್ಚು ಕಾಣುತ್ತವೆ. ಬೆಳಿಗ್ಗೆಯಿಂದ ಜಾಮ್ ಬಿಡಲೊಲ್ಲದು. ಒಬ್ಬ ಹುಡುಗ ಮಾತ್ರ ಬಿಸಿಲಿಗೆ ಜಗ್ಗದೆ, ಬಾಯಿಂದ ಸೀಟಿ ತೆಗೆಯದೆ ದುಡಿಯುತ್ತಿದ್ದ. ಇವನೇ ಸರಿ, ಸಂಜೆ ಕೇಳಿಬಿಡೋಣ ಎಂದುಕೊಂಡೆ.

ಅಷ್ಟರಲ್ಲಿ ಅವನು ಜೋರಾಗಿ ಸೀಟಿ ಊದಿ, ಕೈ ಅಡ್ಡ ಹಿಡಿದು, ಚೀಲ ಹೇರಿದ ಟ್ರ್ಯಾಕ್ಟರೊಂದನ್ನು ನಿಲ್ಲಿಸಿದ. ನಿಲ್ಲಿಸಿದ ಮೇಲೆ ಸೀಟಿ ತಾನಾಗಿಯೇ ಬಾಯಿಂದ ಜಾರಿತು. ಸ್ಟಿಯರಿಂಗ್ ಹಿಡಿದು ಕುಳಿತದ್ದು ಅವರಪ್ಪ.

"ಏನಲೇ, ಕ್ಲಾಸಿಗೆ ಹೋಗ್ಯಾನಂತ ತಿಳ್ಕೊಂಡೀನಿ, ನೀ ಇಲ್ಲಿ ರಸ್ತ್ಯಾಗ ಸೀಟಿ ಊದಾಕತ್ತೀ?"

"ಅಪ್ಪಾ, ಡ್ಯೂಟಿ ಮ್ಯಾಲ ಅದೀನಿ."

ನಾನು ನಡುವೆ ಹೋಗಿ, "ಯಜಮಾನ್ರ, ಇದು ಸಮಾಜಸೇವೆ" ಎಂದೆ. ಅವರು ಟವೆಲಿನಿಂದ ಮುಖ ಒರೆಸಿಕೊಂಡು ಬಹಳ ಮರ್ಯಾದೆಯಿಂದ ಉತ್ತರ ಕೊಟ್ಟರು.

"ಸೇವಾ ಭಾಳ ಛಲೋದ್ರಿ. ಇವತ್ತ ಮಿಲ್ಲಿನ್ಯಾಗ ಹಮಾಲ್ರು ಬಂದಿಲ್ಲ, ಅಲ್ಲೇ ಬಂದು ಮಾಡ್ಲಿ. ಸುಗ್ಗಿ ಮುಗಿಯೋತನ ಇವನ್ನ ಮತ್ತ ಕೇಳಬ್ಯಾಡ್ರಿ."

ಹುಡುಗ ಚೀಲಗಳ ಮೇಲೆ ಹತ್ತಿದ. ಹತ್ತಿದವನು ಸುಮ್ಮನಿರಲಿಲ್ಲ. ಎತ್ತರದಲ್ಲಿ ನಿಂತು ಸೀಟಿ ಊದಿ, ಎರಡೂ ಕೈ ಬೀಸಿ, ಎಡಕ್ಕೊಂದು ಲಾರಿ ಬಲಕ್ಕೊಂದು ಬಸ್ಸು ಸರಿಸಿದ. ಬೆಳಿಗ್ಗೆಯಿಂದ ಯಾರಿಗೂ ಬಿಡದ ಜಾಮ್ ಅವರಪ್ಪನ ಟ್ರ್ಯಾಕ್ಟರ್ ಒಂದಕ್ಕೆ ಬಿಟ್ಟಿತು, ಅದು ಹೋದ ಮೇಲೆ ಮತ್ತೆ ಕೂಡಿಕೊಂಡಿತು.

ವಾರದವರು

ಮರಳಿಯ ಹತ್ತಿರದ ಹಳ್ಳಿಯಲ್ಲಿ ನಮ್ಮ ಏಳು ದಿನದ ಶಿಬಿರ. ಮೊದಲ ಬೆಳಿಗ್ಗೆ ಪೊರಕೆ, ಬುಟ್ಟಿ, ಸಲಿಕೆ ಹಿಡಿದು ಊರು ಸ್ವಚ್ಛ ಮಾಡಲು ಹೊರಟೆವು. ನೋಡಿದರೆ ಬೀದಿಯೆಲ್ಲ ಗುಡಿಸಿ ನೀರು ಹೊಡೆದಿದೆ, ಗಟಾರ ಬಳಿದಿದೆ, ಮನೆ ಮುಂದೆಲ್ಲ ರಂಗೋಲಿ. ಹುಡುಕಿದರೂ ಒಂದು ಕಾಗದದ ಚೂರಿಲ್ಲ.

ಊರ ಹಿರಿಯರನ್ನು ಕೇಳಿದರೆ ಅವರಿಗೇ ಆಶ್ಚರ್ಯ. "ಕಾಲೇಜಿನ ಮಕ್ಕಳು ಬರ್ತಾರಂತ ಡಂಗುರ ಹೊಡಸಿದ್ವಿ. ಮನಿಗೆ ಮಂದಿ ಬರ್ತಾರಂದ್ರ ಕಸ ಹಂಗ ಬಿಡ್ತಾರೇನ್ರಿ? ನಾವೇನು ಅಂಥಾ ಮಂದೀನ?"

ನಮ್ಮ ಹುಡುಗಿಯೊಬ್ಬಳು ಮರ್ಯಾದೆಗೆಂದು ಪೊರಕೆ ಆಡಿಸಿದರೆ, ಇಬ್ಬರು ಹೆಂಗಸರು ಬಂದು ಕಸಿದುಕೊಂಡು ಅವಳ ಕೈಗೆ ಉಪ್ಪಿಟ್ಟಿನ ತಟ್ಟೆ ಕೊಟ್ಟರು. ನಾನೋ, ಶ್ರಮದಾನದ ಫೋಟೋ ಮೇಲಿನವರಿಗೆ ಕಳಿಸಬೇಕಾದವಳು. ನಾಚಿಕೆ ಬಿಟ್ಟು ಮನೆಮನೆಗೆ ಹೋಗಿ "ಎಲ್ಲೆರ ಸ್ವಲ್ಪ ಕಸ ಐತೇನ್ರಿ?" ಎಂದು ಕೇಳುತ್ತ ಬಂದೆ. ಕಡೆಯ ಮನೆಯ ಮುದುಕಿಗೆ ನನ್ನ ಮುಖ ನೋಡಿ ಕನಿಕರ ಹುಟ್ಟಿತು.

"ಗಾಬರಿ ಆಗಬ್ಯಾಡ್ರವ್ವಾ. ಈಗಿನ್ನೂ ಮೇವು ಹಾಕೀನಿ, ಒಂದು ತಾಸು ತಡೀರಿ. ನಮ್ಮ ಎಮ್ಮಿ ನಿಮ್ಮ ಮಾನ ಉಳಸ್ತೈತಿ."

ನಿದ್ದೆಯವನು

ಏಳು ದಿನವೂ ಹುರುಪಿನಿಂದ ಇದ್ದವರೆಲ್ಲ ಫೈನಲ್ ಇಯರಿನವರೇ. ಅವರನ್ನು ಬರೆಯಲು ಕೂರಿಸುವಂತಿಲ್ಲ. ಪರೀಕ್ಷೆಗೆ ಉಳಿದದ್ದು ಎರಡು ವಾರ, ನನಗೆ ಊಟ ಸೇರುತ್ತಿರಲಿಲ್ಲ. ನಮ್ಮ ಜೊತೆ ಶಿಬಿರಕ್ಕೆ ಬಂದಿದ್ದ ಕಿನ್ನಾಳದ ಹುಡುಗಿ ಕೊನೆಯ ದಿನ ಗುಡಿಯ ಕಟ್ಟೆಯ ಬಳಿ ಕಿವಿಗೊಟ್ಟು ನಿಂತು, "ಮೇಡಂ, ಇಲ್ಲೊಬ್ಬ ಗೊರಕಿ ಹೊಡ್ಯಾಕತ್ತಾನ್ರಿ" ಎಂದಳು.

ಕಂಬದ ಹಿಂದೆ ಕುಷ್ಟಗಿ ಕಡೆಯ ಒಬ್ಬ ಹುಡುಗ ಆರಾಮಾಗಿ ಮಲಗಿದ್ದ. ಫಸ್ಟ್ ಇಯರಿನವನು. ಹಾಜರಿ ಹಾಕಿಸಿ ಮಾಯವಾಗುವುದರಲ್ಲಿ ಅವನನ್ನು ಮೀರಿಸಿದವರಿಲ್ಲ. ಎಬ್ಬಿಸಿ ಬೈದರೆ, "ಊರು ಸ್ವಚ್ಛ ಐತ್ರಿ ಮೇಡಂ, ನಾ ಎದ್ದು ಏನ್ ಮಾಡ್ಲಿ?" ಎಂದ. ಸಿಟ್ಟಿನಲ್ಲಿ, ಕೂತು ತಪ್ಪೊಪ್ಪಿಗೆ ಬರಿ ಎಂದೆ.

ನಾನು ಚಹಾ ಕುಡಿದು ಲೋಟ ಇಡುವಷ್ಟರಲ್ಲಿ ಎರಡು ಪುಟ ತುಂಬಿಸಿ ತಂದ. ಒಂದು ಚಿತ್ತಿಲ್ಲ, ಸಾಲು ಸೊಟ್ಟಗಿಲ್ಲ, ಅಕ್ಷರ ಅಚ್ಚು ಹೊಡೆದಂತೆ.

"ಯಾರೋ ಕಲಿಸಿದ್ದು ಇದನ್ನ?"

"ಎಲ್ಲಾ ಮಾಸ್ತರುಗಳೂ ಕಲಿಸ್ಯಾರ್ರಿ. ಒಂದನೇ ಕ್ಲಾಸಿನಿಂದ ದಿನಾ ಏನರ ತಪ್ಪು ಮಾಡ್ತಿದ್ದೆ, ದಿನಾ ನೂರು ಸಲ ಬರಸ್ತಿದ್ರು."

ಅವತ್ತೇ ಇಬ್ಬರನ್ನೂ ಕೂರಿಸಿ ಅಭ್ಯಾಸ ಶುರು ಮಾಡಿಸಿದೆ. ಹುಡುಗಿ ಮೊದಲ ದಿನವೇ ಖಡಾಖಂಡಿತ ಹೇಳಿದಳು: "ತಮ್ಮಾ, ನೀ ಬರೀ ಕೈ ಕೊಡು ಸಾಕು. ತಲಿ ನಂದೈತಿ." ಅವನು ಸಂತೋಷದಿಂದ ಒಪ್ಪಿದ. ತಲೆ ಬೇಡ ಎಂದ ಕೆಲಸ ಅವನಿಗೆ ಅದೇ ಮೊದಲು ಸಿಕ್ಕಿತ್ತು.

ಪರೀಕ್ಷೆಯ ದಿನ ಬೆಳಿಗ್ಗೆ ನಾನು ಗೇಟಿನಲ್ಲಿ ನಿಂತಿದ್ದೇನೆ, ಅವನಿಲ್ಲ. ಫೋನು ಮಾಡಿದರೆ ಎತ್ತುವುದಿಲ್ಲ. ಅವಳೂ ಇಲ್ಲ. ಎಲ್ಲರೂ ಒಳಗೆ ಹೋದರು. ಗಂಟೆ ಬಾರಿಸುವ ಪ್ಯೂನ್ ಎದ್ದು ನಿಂತದ್ದನ್ನು ನೋಡಿ, ಆ ಹುಡುಗಿಯ ಮನೆಯವರಿಗೆ ಏನು ಹೇಳಲಿ ಎಂದು ಮನಸ್ಸಿನಲ್ಲೇ ಮಾತು ಜೋಡಿಸತೊಡಗಿದ್ದೆ. ಅಷ್ಟರಲ್ಲಿ ಆಟೋ ಒಂದು ಬಂದು ನಿಂತಿತು. ಮೊದಲು ಇಳಿದವಳು ಅವಳು. ಅವಳ ಮುಷ್ಟಿಯಲ್ಲಿ ಅವನ ಅಂಗಿಯ ಕಾಲರು.

"ನಿನ್ನಿ ಅಭ್ಯಾಸ ಮುಗಿಸಿ ಹೋಗೂ ಮುಂದ, ಮುಂಜಾನೆ ಕುಷ್ಟಗಿ ಬಸ್ಸು ಎಷ್ಟಕ್ಕೈತಿ ಅಂತ ಇವ ನನ್ನ ಹತ್ರಾನ ಕೇಳಿದ್ದ ಮೇಡಂ," ಎಂದಳು ಅವಳು. "ಅನುಮಾನ ಬಂತು, ಸೀದಾ ಬಸ್ ಸ್ಟ್ಯಾಂಡಿಗೆ ಹೋದೆ. ಕುಷ್ಟಗಿ ಬಸ್ ಹತ್ತಿ ಕಿವಿ ಕೊಟ್ಟೆ. ಹಿಂದಿನ ಸೀಟಿನ್ಯಾಗ ಅದೇ ಗೊರಕಿ!"

ಬಾಯ್ತುಂಬ ಬೈಗುಳ ತುಂಬಿಕೊಂಡು ಅವನತ್ತ ತಿರುಗಿದೆ. ಹುಡುಗನ ಕಣ್ಣು ಕೆಂಪಗಾಗಿದ್ದವು.

"ರಾತ್ರಿ ಪೂರಾ ನಿದ್ದಿ ಬಂದಿಲ್ರಿ ಮೇಡಂ. ನಾ ಫೇಲಾದ್ರ ಮನ್ಯಾಗ ರೂಢಿ ಐತ್ರಿ. ನನ್ನ ಕೈಲಿ ಅಕ್ಕಾರು ಫೇಲಾದ್ರ ಏನ್ರಿ ಗತಿ?"

ಬೈಗುಳವೆಲ್ಲ ನುಂಗಿಕೊಂಡೆ. "ನಡಿಯೋ, ಗಂಟಿ ಹೊಡೀತಾರ," ಎಂದವಳು ಅವಳೇ. ಒಳಗೆ ಹೋದರು. ಕಿಟಕಿಯಿಂದ ಇಣುಕಿದಾಗ ಅವಳು ಮೆಲ್ಲಗೆ ಹೇಳುತ್ತಿದ್ದಳು, ಅವನು ನಾಲಿಗೆ ಕಚ್ಚಿಕೊಂಡು ಬರೆಯುತ್ತಿದ್ದ. ನಾನು ಕಾರಿಡಾರಿನ ಬೆಂಚಿನ ಮೇಲೆ ಕುಳಿತು ಬಹಳ ದಿನಗಳ ಮೇಲೆ ನೆಮ್ಮದಿಯಾಗಿ ಉಸಿರು ಬಿಟ್ಟೆ. ಮುಂದಿನ ಒಂದು ಪೇಪರನ್ನೂ ಅವನು ತಪ್ಪಿಸಲಿಲ್ಲ. ಕಾಲರು ಹಿಡಿಯುವ ಪ್ರಸಂಗವೂ ಬರಲಿಲ್ಲ.

ಫಸ್ಟ್ ಇಯರಿನವರ ಪರೀಕ್ಷೆ ಆಮೇಲೆ ನಡೆಯಿತು. ಫಲಿತಾಂಶ ಮಾತ್ರ ಎಲ್ಲರದೂ ಒಂದೇ ದಿನ ಬಂತು. ಹುಡುಗಿ ಫಸ್ಟ್ ಕ್ಲಾಸ್. ಫೋನಿನಲ್ಲಿ ಅವಳಿಗೆ ಹೇಳುವಾಗ ನನಗೇ ಅಳು ಬಂತು, ಅವಳು ನಕ್ಕಳು. ಮಧ್ಯಾಹ್ನ ಸ್ಟಾಫ್ ರೂಮಿಗೆ ನಮ್ಮ ನಿದ್ದೆಯವನು ಪೇಡೆಯ ಡಬ್ಬಿ ಹಿಡಿದು ಬಂದ. ಹಿಂದೆ ಹೊಸ ಧೋತರ ಉಟ್ಟ ಅವರಪ್ಪ, ಮುಖದ ತುಂಬ ನಗು. ಒಬ್ಬರನ್ನೂ ಬಿಡದೆ, ಪ್ಯೂನಿಗೂ ಸೇರಿಸಿ ಪೇಡೆ ಹಂಚಿದರು. ಪ್ರಿನ್ಸಿಪಾಲರು ಬೆನ್ನು ಚಪ್ಪರಿಸಿ, "ಶಭಾಷ್! ನೀನೂ ಪಾಸಾದ್ಯಾ?" ಎಂದು ಕೇಳಿದರು.

ಹುಡುಗ ಇನ್ನೊಂದು ಪೇಡೆ ಅವರ ಕೈಗಿಟ್ಟು, ಎದೆಯುಬ್ಬಿಸಿ ಹೇಳಿದ:

"ಫಸ್ಟ್ ಇಯರ್ ಇನ್ನೂ ಉಳದೈತ್ರಿ ಸರ್. ಫೈನಲ್ ಇಯರ್ ಕ್ಲಿಯರ್ ಆತ್ರಿ."