ಟೈಲರಮ್ಮ ಹಿಡಿದು ಹೊಲಿದ ನನ್ನ ಪತ್ರ

ಬೆಳಿಗ್ಗೆ ಒಲೆ ಹಚ್ಚುವ ಮೊದಲು ಕಣ್ಣು ಮುಚ್ಚಿ, "ದೇವರೇ, ಇವತ್ತು ನನ್ನ ನಾಲಿಗೆಯಿಂದ ಯಾರಿಗೂ ನೋವಾಗದಿರಲಿ" ಎಂದು ಬೇಡಿಕೊಳ್ಳುವುದನ್ನು ನಾನು ಒಂದು ದಿನವೂ ತಪ್ಪಿಸಿದವಳಲ್ಲ. (ಹಾಲು ಉಕ್ಕಿದ ಮೇಲೆ ಏನಾಗುತ್ತದೆಂದು ಯಜಮಾನರನ್ನು ಕೇಳಬೇಡಿ.)

ಅಡುಗೆಮನೆಯ ಮೂಲೆಯಲ್ಲಿ ಕೂತು ನಾನೊಂದು ಕಾದಂಬರಿ ಬರೆದು ಮುಗಿಸಿದ್ದೆ. ಒಬ್ಬಂಟಿ ಮುದುಕಿ, ಅವಳ ಬೆಕ್ಕು, ಕಿಟಕಿಯಾಚೆ ಒಂದು ಮರ, ಅಷ್ಟೇ ಕಥೆ. ಆದರೆ ಪ್ರಕಾಶಕರಿಗೆ ಅದನ್ನು ಓದಲು ಪುರುಸೊತ್ತಿಲ್ಲವಂತೆ. ಮೊದಲು ಒಂದು ಪುಟದ ಪರಿಚಯ ಪತ್ರ ಕಳಿಸಬೇಕು, ಅದು ಹಿಡಿಸಿದರೆ ಕಾದಂಬರಿ ತರಿಸಿಕೊಳ್ಳುತ್ತಾರಂತೆ. ಪತ್ರ ಸೋತರೆ ನನ್ನ ವರ್ಷಗಟ್ಟಲೆಯ ತಪಸ್ಸು ಅಟ್ಟ ಸೇರುವುದೇ ಸೈ.

ಎದುರುಮನೆ ಟೈಲರಮ್ಮನೂ ಕಾದಂಬರಿ ಬರೆದಿದ್ದರು. ಅವರದು ಪತ್ತೇದಾರಿ, ಪುಟ ತಿರುವಿದಲ್ಲೆಲ್ಲ ಹೆಣ. ಒಬ್ಬರ ಪತ್ರವನ್ನು ಇನ್ನೊಬ್ಬರು ತಿದ್ದಿಕೊಡುವುದೆಂದು ಒಪ್ಪಂದವಾಯಿತು.

ಅವರು ಕತ್ತರಿ ಕೆಳಗಿಡದೆಯೇ ನನ್ನದನ್ನು ಓದಿದರು.

"ಇದೇನಮ್ಮಾ, ಎಲ್ಲಾ ಸಡಿಲ! ಇಲ್ಲಿ ಸ್ವಲ್ಪ ಹಿಡೀಬೇಕು. ಆ ಬೆಕ್ಕಿನ ಬಾಯಲ್ಲಿ ಏನಿದೆ?"

"ಏನಿಲ್ಲ ಅಕ್ಕ, ಹಾಲು ಕುಡೀತಾ ಇದೆ."

"ರಕ್ತ ಮೆತ್ತಿದ ಕರ್ಚೀಫಿದೆ ಅನ್ನಿ!"

ಯಾರು ಏನು ಹೇಳಿದರೂ ತಾಳ್ಮೆಯಿಂದ ಕೇಳುವವಳು ನಾನು. ಹಾಗೇ ಬರೆದೆ. ಆಮೇಲೆ ಅವರ ಪತ್ರ ಕೈಗೆತ್ತಿಕೊಂಡೆ. ನೋವಾಗದಂತೆ ಹೇಳಬೇಕಲ್ಲ?

"ಚೆನ್ನಾಗಿದೆ ಅಕ್ಕ. ಆದ್ರೆ ಐದು ಹೆಣ ಅಂದ್ರೆ... ಒಂದಷ್ಟು ಜನಾನ ಬದುಕಿಸಿದ್ರೆ ಪುಣ್ಯ ಬರುತ್ತೆ."

"ಎಷ್ಟು ಜನಾನ?"

"ಐದೂ."

ಅವರೂ ನಿಟ್ಟುಸಿರು ಬಿಟ್ಟು ಹಾಗೇ ತಿದ್ದಿದರು.

ಇಬ್ಬರಿಗೂ ಒಂದೇ ದಿನ ಉತ್ತರ ಬಂತು. ಯಜಮಾನರು ನನ್ನ ಲಕೋಟೆ ಒಡೆದು ಗಟ್ಟಿಯಾಗಿ ಓದಿದರು: "ತಮ್ಮ ರಕ್ತಸಿಕ್ತ, ರೋಮಾಂಚಕ ಕಾದಂಬರಿಯನ್ನು ಕೂಡಲೇ ಕಳಿಸಿ." ಆಮೇಲೆ ಕನ್ನಡಕದ ಮೇಲಿಂದ ನನ್ನನ್ನೇ ನೋಡುತ್ತಾ, "ಲೇ, ಇಷ್ಟು ವರ್ಷ ನೀನು ಕೊಟ್ಟ ಕಾಫಿ ಕುಡಿದಿದ್ದೀನಲ್ಲೇ!" ಎಂದರು.

ಅಷ್ಟರಲ್ಲಿ ಟೈಲರಮ್ಮ, ಕುತ್ತಿಗೆಯಲ್ಲಿ ಟೇಪು ತೂಗಾಡಿಸಿಕೊಂಡೇ ಓಡಿಬಂದರು.

"ನನ್ನ 'ಪ್ರಶಾಂತ' ಕಾದಂಬರಿ ಬೇಕಂತೆ ಕಣಮ್ಮಾ! ಐದು ಹೆಣಾನ ಈಗ ಹೇಗೆ ಎಬ್ಬಿಸಲಿ?"

ಪ್ರಶಾಂತ ಕಾದಂಬರಿ ಬರೆದವಳು ನಾನು, ಅದನ್ನು ಕೇಳಿದ್ದು ಅವರನ್ನು! ನನ್ನ ಮುಖ ನೋಡಿ ಅವರಿಗೆ ಕನಿಕರ ಉಕ್ಕಿತು.

"ನನ್ನದು ಹೋಗ್ಲಿ, ನಿಮ್ಮದು ಕೊಡಿ ಇಲ್ಲಿ. ಸಂಜೆಯೊಳಗೆ ಒಂದು ಕೊಲೆ ಕೂಡಿಸಿ ಹೊಲಿದುಕೊಡ್ತೀನಿ."

ನಾನು ಆ ಟೇಪನ್ನೂ ಅದು ಸುತ್ತಿಕೊಂಡಿದ್ದ ಕುತ್ತಿಗೆಯನ್ನೂ ತುಸು ಹೊತ್ತು ನೋಡಿದೆ. ಬೆಳಗಿನ ಪ್ರಾರ್ಥನೆ ನೆನಪಾಗಿ, ನೋವಾಗದಂತೆ ಮೆಲ್ಲಗೆ ಹೇಳಿದೆ:

"ಬೇಡ ಅಕ್ಕ. ಈಗ ತಾನೇ ಮನಸ್ಸು ಬಂದಿದೆ. ಕೊಲೆ ನಾನೇ ಮಾಡ್ಕೋತೀನಿ."