ನಾಳೆರಾಯರ ಟ್ರ್ಯಾಕ್ಟರ್ ಸ್ಟಾರ್ಟ್ ಆದ ದಿನ

ಎಲ್ಲ ಶುರುವಾದದ್ದು ಒಂದು ಬಕೆಟ್ಟಿನಿಂದ. ರಜೆಯ ದಿನ ಬೆಳಗ್ಗೆ ಬಟ್ಟೆ ನೆನೆಸಲು ಹೊಸ ಬಕೆಟ್ ಹುಡುಕಿಕೊಂಡು ಶೆಡ್ಡಿಗೆ ಹೋದ ನಾಳೆರಾಯರ ಹೆಂಡತಿಗೆ ಬಕೆಟ್ಟೇನೋ ಸಿಕ್ಕಿತು. ಆದರೆ ಅದರ ತುಂಬ ಸೀಮೆಎಣ್ಣೆ, ಸೀಮೆಎಣ್ಣೆಯೊಳಗೆ ತುಕ್ಕು ಹಿಡಿದ ನಟ್ಟು ಬೋಲ್ಟು.

"ಗುಜರಿಯವನಿಗೆ ಫೋನ್ ಮಾಡಿದೀನಿ. ಹನ್ನೊಂದಕ್ಕೆ ಬರ್ತಾನೆ. ಹನ್ನೆರಡು ಹೊಡೆಯೋವಾಗ ನಿಮ್ಮ ಟ್ರ್ಯಾಕ್ಟರ್ ಓಡ್ತಿದ್ರೆ ಇಲ್ಲೇ ಇರ್ಲಿ. ಇಲ್ವೋ, ಅವನ ಗಾಡಿ ಹತ್ತುತ್ತೆ," ಎಂದಳು ಆಕೆ. ಕೂಗಾಡಲಿಲ್ಲ. ಅದಕ್ಕೇ ನಾಳೆರಾಯರಿಗೆ ನಿಜವಾಗಿ ಭಯವಾದದ್ದು.

ನಾಳೆರಾಯರೆಂಬುದು ಬೀದಿಯವರು ಇಟ್ಟ ಹೆಸರು. ಟ್ರ್ಯಾಕ್ಟರ್ ರಿಪೇರಿ ಯಾವಾಗ ಎಂದು ಯಾರು ಕೇಳಿದರೂ ಮೂರು ವರ್ಷದಿಂದ ಅವರದು ಒಂದೇ ಉತ್ತರ. ಅಂಚೆ ಕಚೇರಿಯಲ್ಲಿ ಮುದ್ರೆ ಒತ್ತುವ ಕೆಲಸ. ಅಲ್ಲಿ ಅವರ ಮಾತಿಗೆ ಮೂರು ಕಾಸಿನ ಬೆಲೆಯಿಲ್ಲ. ಮನೆಯ ಸುದ್ದಿ ಬಿಡಿ. ಅಪ್ಪ ತಮ್ಮನ್ನು ತೊಡೆಯ ಮೇಲೆ ಕೂರಿಸಿಕೊಂಡು ಹುಲ್ಲು ಕತ್ತರಿಸುತ್ತಿದ್ದ ಆ ಪುಟ್ಟ ಟ್ರ್ಯಾಕ್ಟರಿನ ಸೀಟಿನಲ್ಲಿ ಕೂತಾಗ ಮಾತ್ರ, ಅವರು ತಿರುಗಿಸಿದ ಕಡೆಗೆ ಏನೋ ಒಂದು ತಿರುಗುತ್ತಿತ್ತು. ಅದು ಗುಜರಿಗೆ ಹೋಗಬಾರದೆಂದು ರಾಯರು ತಿಂಡಿಯನ್ನೂ ಬಿಟ್ಟು ಎದ್ದರು.

ಹೊರಗೆ ಮೂಳೆ ಕೊರೆಯುವ ಚಳಿ. ಬಾನೆಟ್ಟಿನ ಮೇಲೆ ಇಬ್ಬನಿ ಹೆಪ್ಪುಗಟ್ಟಿತ್ತು. ರಾಯರು ಕೀಲಿ ತಿರುಗಿಸಿದರು. ಟಕ್ ಅಂತು. ಇನ್ನೊಮ್ಮೆ ತಿರುಗಿಸಿದರು. ಅಷ್ಟೂ ಅನ್ನಲಿಲ್ಲ.

ಪಕ್ಕದ ಕಾಂಪೌಂಡಿನ ಮೇಲೆ ಒಂದು ಮಫ್ಲರ್ ಎದ್ದಿತು. ಅದರೊಳಗಿದ್ದವರು ನಿವೃತ್ತ ಬಸ್ ಡ್ರೈವರ್. "ಬ್ಯಾಟರಿಗೆ ಚಳಿ ಹಿಡಿದಿದೆ ರಾಯರೇ. ಬಿಚ್ಕೊಂಡು ಒಳಗೆ ಹೋಗಿ, ಚೆನ್ನಾಗಿ ಹೊದಿಸಿ ಮಲಗಿಸಿ."

ರಾಯರು ಹಾಗೇ ಮಾಡಿದರು. ಕೈಗೆ ಸಿಕ್ಕ ಬಟ್ಟೆ ಹೊದಿಸಿದರು. ಅರ್ಧ ಗಂಟೆ ಬಿಟ್ಟು ತೆಗೆದಾಗ ಅದು ಹೆಂಡತಿಯ ಉಣ್ಣೆ ಶಾಲೆಂದೂ, ಬ್ಯಾಟರಿಯ ಆಸಿಡ್ ಅದರಲ್ಲಿ ನಾಲ್ಕು ತೂತು ಮಾಡಿದೆಯೆಂದೂ ತಿಳಿಯಿತು. ಶಾಲನ್ನು ಮಡಚಿ, ತೂತು ಒಳಗೆ ಹೋಗುವಂತೆ ಕಪಾಟಿನಲ್ಲಿಟ್ಟು, ಬೆಕ್ಕಿನ ಹೆಜ್ಜೆಯಲ್ಲಿ ಹೊರಬಂದು ಬ್ಯಾಟರಿ ಕೂರಿಸಿದರು. ಆಗಲೂ ಬರೀ ಟಕ್.

ಅಷ್ಟರಲ್ಲಿ ಎದುರುಮನೆಯ ಗಣಿತದ ಮೇಷ್ಟ್ರೂ ಹಾಜರಾಗಿದ್ದರು. "ಬ್ಯಾಟರಿ ಅಲ್ರೀ, ಎಂಜಿನ್ ಆಯಿಲ್! ಈ ಚಳೀಲಿ ಜೇನುತುಪ್ಪದ ಹಾಗಾಗಿರುತ್ತೆ. ಇಳಿಸಿ, ಬಿಸಿನೀರಲ್ಲಿಟ್ಟು ಬೆಚ್ಚಗೆ ಮಾಡಿ."

"ಮೂವತ್ತು ವರ್ಷ ಬಸ್ ಓಡಿಸಿದೋನು ನಾನಾ, ನೀವಾ?" ಎಂದರು ಡ್ರೈವರ್.

"ಬಸ್ಸು ನಿಂತಾಗೆಲ್ಲ ತಳ್ಳಿದೋರು ನಾವು," ಎಂದರು ಮೇಷ್ಟ್ರು.

ಆಯಿಲ್ ಇಳಿಯಿತು, ಅಡುಗೆಮನೆಯ ಹಾಲಿನ ಪಾತ್ರೆಯಲ್ಲಿ ಬೆಚ್ಚಗಾಯಿತು, ಮತ್ತೆ ಎಂಜಿನ್ನಿಗೆ ಹೋಯಿತು. ಈ ಸಲ ಎಂಜಿನ್ ತಿರುಗಿತು. ಗರ್‌ರ್‌ರ್ ಎಂದು ತಿರುಗಿತೇ ಹೊರತು ಹೊತ್ತಿಕೊಳ್ಳಲಿಲ್ಲ. ಡ್ರೈವರ್ ಚೋಕ್ ಎಳೆಯಬೇಕೆಂದು ಎಳೆದರು. ಮೇಷ್ಟ್ರು ಬಿಡಬೇಕೆಂದು ಬಿಟ್ಟರು. ಒಬ್ಬರು ಎಳೆದು ಇನ್ನೊಬ್ಬರು ಬಿಟ್ಟು, ಪೆಟ್ರೋಲಿನ ವಾಸನೆ ಗಪ್ಪೆಂದು ಮೂಗಿಗೆ ಹೊಡೆಯಿತು.

ಹನ್ನೊಂದಕ್ಕೆ ಸರಿಯಾಗಿ ಗುಜರಿಯವನು ಬಂದ. ಟೆಂಪೋವನ್ನು ಗೇಟಿನ ಬಳಿ ನಿಲ್ಲಿಸಿ, ಜಗಲಿಯ ಮೇಲೆ ಕೂತು, ರಾಯರ ಹೆಂಡತಿ ಕೊಟ್ಟ ಚಹಾ ಕುಡಿಯುತ್ತ, ಏನೂ ಮಾತಾಡದೆ ನೋಡತೊಡಗಿದ. ಇಡೀ ಬೀದಿಯಲ್ಲಿ ಅಂದು ಸಲಹೆ ಕೊಡದವನು ಅವನೊಬ್ಬನೇ.

ಹನ್ನೆರಡಕ್ಕೆ ನಲವತ್ತು ನಿಮಿಷವಿತ್ತು. ಚೋಕಿನ ಜಗಳ ಬಸ್ಸಿಗೂ, ಬಸ್ಸಿನಿಂದ ಹೋದ ವರ್ಷದ ಒಳಚರಂಡಿಗೂ ತಿರುಗಿ, ಡ್ರೈವರೂ ಮೇಷ್ಟ್ರೂ ಚರಂಡಿ ತೋರಿಸಲು ಬೀದಿಗಿಳಿದರು. ಅಬ್ಬಾ! ರಾಯರಿಗೆ ಮೊದಲ ಸಲ ಉಸಿರಾಡಲು ಜಾಗ ಸಿಕ್ಕಿತು. ಪೆಟ್ರೋಲಿನಲ್ಲಿ ತೋಯ್ದಿದ್ದ ಪ್ಲಗ್ ಬಿಚ್ಚಿದರು. ಶೆಡ್ಡಿನ ಡಬ್ಬದಿಂದ ಹೊಸ ಪ್ಲಗ್ ತಂದು ಹಾಕಿದರು. ಅಪ್ಪ ಮಾಡುತ್ತಿದ್ದ ಹಾಗೆ ಚೋಕನ್ನು ಪೂರ್ತಿ ಎಳೆದು, ಕೀಲಿ ತಿರುಗಿಸಿ, ಎಂಜಿನ್ ಕೆಮ್ಮಿದೊಡನೆ ಮೆಲ್ಲಗೆ ಒಳಗೆ ತಳ್ಳಿದರು.

ಡುಬು ಡುಬು ಡುಬು!

ರಾಯರ ಕಣ್ಣಲ್ಲಿ ನೀರು ಬಂತು. ಹೊಗೆಯಿಂದ ಎಂದು ಬೇಕಾದರೆ ಅನ್ನಿ. ಗಡಿಯಾರದಲ್ಲಿ ಹನ್ನೆರಡಕ್ಕೆ ಇನ್ನೂ ಇಪ್ಪತ್ತೈದು ನಿಮಿಷ.

ಆದರೆ ಗುಜರಿಯವನು ಏಳಲಿಲ್ಲ. ಆರಿಸಿದರೆ ಮತ್ತೆ ಹೊತ್ತುತ್ತದೆಂದು ಯಾರು ಬರೆದುಕೊಟ್ಟಿದ್ದಾರೆ? ಅವನು ಹೋಗುವ ತನಕ ಇಳಿಯುವುದೇ ಬೇಡವೆಂದು ರಾಯರು ಗೇರ್ ಹಾಕಿ ಮನೆಯ ಸುತ್ತ ಹೊರಟರು. ಒಂದು ಸುತ್ತು, ಐದು ಸುತ್ತು, ಹತ್ತು ಸುತ್ತು. ಡ್ರೈವರ್ ಸಲಾಮು ಹೊಡೆದರು. ಮೇಷ್ಟ್ರು ಚಪ್ಪಾಳೆ ತಟ್ಟಿದರು. ಹೆಂಡತಿ ನಕ್ಕಳು! ಮೂರು ವರ್ಷದಲ್ಲಿ ಟ್ರ್ಯಾಕ್ಟರ್ ನೋಡಿ ಆಕೆ ನಕ್ಕದ್ದು ಅದೇ ಮೊದಲು. ನಕ್ಕು, ಸೆರಗು ಸಿಕ್ಕಿಸಿ, ಗುಜರಿಯವನನ್ನು ಕರೆದುಕೊಂಡು ಶೆಡ್ಡಿನ ಕಡೆ ಹೋದಳು. ಪಾಪ, ಬಂದವನನ್ನು ಬರಿಗೈಯಲ್ಲಿ ಕಳಿಸಬಾರದೆಂದು ಹಳೇ ಡಬ್ಬ ಕೊಡುತ್ತಿದ್ದಾಳೆಂದು ರಾಯರು ಹಿಗ್ಗಿದರು.

ಹದಿನೇಳನೇ ಸುತ್ತಿನಲ್ಲಿ ಗೇಟಿನ ಹತ್ತಿರ ಬಂದಾಗ ಟೆಂಪೋ ಕಂಡಿತು. ಅದರಲ್ಲಿ ಎರಡು ಕಾರ್ಬುರೇಟರ್, ಪ್ಲಗ್ಗಿನ ಡಬ್ಬ, ಬೆಲ್ಟುಗಳು, ನಾಲ್ಕು ಚಕ್ರ, ಹೊಸ ಬಕೆಟ್ಟಿನಲ್ಲಿದ್ದ ಅಷ್ಟೂ ಬೋಲ್ಟು! ಇಪ್ಪತ್ತು ವರ್ಷ ಒಂದೊಂದಾಗಿ ಕೂಡಿಹಾಕಿದ ಸಾಮಾನು.

"ಅಯ್ಯೋ, ಏನೇ ಇದು?" ರಾಯರು ಗಕ್ಕನೆ ಬ್ರೇಕ್ ಒತ್ತಿದರು. "ನನ್ನ ಬಿಡಿಭಾಗ ಕಣೇ!"

"ಓಡೋ ಗಾಡಿಗೆ ಬಿಡಿಭಾಗ ಯಾಕ್ರೀ?" ಆಕೆ ತೊಳೆದ ಬಕೆಟ್ಟನ್ನು ಸೊಂಟಕ್ಕೇರಿಸಿದಳು. "ಒಂದು ಸಲ ಸ್ಟಾರ್ಟ್ ಆಗ್ಲಿ, ಇದನ್ನೆಲ್ಲ ನಾನೇ ತೆಗೆದು ಬಿಸಾಕ್ತೀನಿ ಅಂತ ವರ್ಷವಿಡೀ ಅಂತಿದ್ದೋರು ಯಾರು? ಸ್ಟಾರ್ಟ್ ಮಾಡಿ ಅರ್ಧ ಮಾತು ನೀವು ಉಳಿಸ್ಕೊಂಡ್ರಿ. ಉಳಿದರ್ಧ ನಾನು ಉಳಿಸಿದೆ."

ರಾಯರು ಬಾಯಿ ತೆರೆದರು. ಅಷ್ಟರಲ್ಲಿ ಟ್ರ್ಯಾಕ್ಟರ್ ಎರಡು ಸಲ ಕೆಮ್ಮಿ, ಒಮ್ಮೆ ನಡುಗಿ, ನಿಂತುಹೋಯಿತು. ಕೀಲಿ ತಿರುಗಿಸಿದರು. ಮತ್ತೆ ತಿರುಗಿಸಿದರು. ಚೋಕ್ ಎಳೆದರು, ಬಿಟ್ಟರು. ಡ್ರೈವರ್ ಓಡಿಬಂದು ಬಗ್ಗಿ ನೋಡಿದರು.

"ಕಾರ್ಬುರೇಟರ್ ಕೈಕೊಟ್ಟಿದೆ ರಾಯರೇ. ಭಯ ಬೇಡ, ಐದು ನಿಮಿಷದ ಕೆಲಸ. ಶೆಡ್ಡಲ್ಲಿ ಇನ್ನೊಂದು ಇಟ್ಟಿದೀರಲ್ಲ?"

ರಾಯರು ಹೆಂಡತಿಯ ಮುಖ ನೋಡಿದರು. ಹೆಂಡತಿ ಗಡಿಯಾರ ನೋಡಿದಳು. ಹನ್ನೆರಡಕ್ಕೆ ಒಂದು ನಿಮಿಷವಿತ್ತು.

ಗುಜರಿಯವನು ಎರಡನೇ ಚಹಾದ ಲೋಟವನ್ನು ಜಗಲಿಯ ಮೇಲಿಟ್ಟು, ಬೆಳಗಿನಿಂದ ಮೊದಲ ಸಲ ಬಾಯಿಬಿಟ್ಟ.

"ಬೇಜಾರು ಮಾಡ್ಕೋಬೇಡಿ ಸಾರ್. ಇದಕ್ಕೂ ಜಾಗ ಬಿಟ್ಟೇ ಲೋಡ್ ಮಾಡಿದೀನಿ."